ನೆಗ್ಗಿಲು ಯಾವುದು, ಆನೆನೆಗ್ಗಿಲು ಯಾವುದು?

ಬಯಲುಸೀಮೆಯಲ್ಲಿ ಮಳೆ ಬಿದ್ದ ಕೆಲವು ವಾರಗಳಲ್ಲಿ ಮರಳು ಮಿಶ್ರಿತ ಬೀಳು, ಬಂಡಿದಾರಿ ಹಾಗೂ ಹೊಲದ ಬದುಗಳಲ್ಲಿ ನೆಲಕ್ಕೆ ಅಂಟಿಕೊಂಡು ಹರಡಿ, ಹಳದಿ ಹೂ ಬಿಡುವ ಗಿಡವೇ ನೆಗ್ಗಿಲು (ಟ್ರೈಬ್ಯುಲಸ್ ಟೆರೆಸ್ಟ್ರಿಸ್). ಬರಿಗಾಲಲ್ಲಿ ನಡೆಯುವವರಿಗೆ ಇದರ ಮುಳ್ಳಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಮುಳ್ಳು ಬಲಿಯುವ ಮೊದಲೇ ಗಿಡವನ್ನು ಗುರುತಿಸುವುದು ಕುರಿ ಸಾಕುವವರಿಗೂ ಕಾಯಿ ಆಯ್ದು ಮಾರುವವರಿಗೂ ಅವಶ್ಯ. ಅದೇ ಬಗೆಯ ನೆಲದಲ್ಲಿ ಆನೆನೆಗ್ಗಿಲು (ಪೆಡಾಲಿಯಂ ಮ್ಯೂರೆಕ್ಸ್) ಎಂಬ ಬೇರೊಂದು ಗಿಡವೂ ಬೆಳೆಯುವುದರಿಂದ ಗೊಂದಲವಾಗುವುದುಂಟು.

ಎಲೆಯನ್ನು ನೋಡಿದರೆ ಸಾಕು. ನೆಗ್ಗಿಲಿನ ಎಲೆ ಹುಣಸೆ ಎಲೆಯ ಹಾಗೆ ಕಿರುಎಲೆಗಳ ಜೋಡಿಗಳಿಂದ ಕೂಡಿದ್ದು, ಸಾಮಾನ್ಯವಾಗಿ 4 ರಿಂದ 8 ಜೋಡಿಗಳಿರುತ್ತವೆ. ಒಂದೇ ಗೆಣ್ಣಿನಲ್ಲಿ ಎದುರುಬದುರಾಗಿರುವ ಎರಡು ಎಲೆಗಳಲ್ಲಿ ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಎಳೆಯ ಕುಡಿಗಳ ಮೇಲೆ ಬಿಳಿಯ ನವಿರು ಕೂದಲಿರುತ್ತದೆ. ಹೂವಿಗೆ 5 ಬಿಡಿ ಎಸಳುಗಳು. ಬಲಿತ ಕಾಯಿ 5 ಹೋಳಾಗುತ್ತದೆ. ಒಂದೊಂದು ಹೋಳಿಗೂ ಎರಡು ಉದ್ದನೆಯ, ಎರಡು ಗಿಡ್ಡನೆಯ ಮುಳ್ಳುಗಳಿದ್ದು, ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಲ್ಲುತ್ತದೆ.

ಆನೆನೆಗ್ಗಿಲು ಎಳ್ಳಿನ ಕುಟುಂಬದ್ದು. ಗಿಡ ಪೊದೆಯಂತೆ ಮೇಲೇಳುತ್ತದೆ. ಎಲೆ ಬಿಡಿ, ಅಂಚು ಕಚ್ಚುಕಚ್ಚು. ಹೂವು ಎಳ್ಳಿನ ಹೂವಿನಂತೆ ಕೊಳವೆಯಾಕಾರ. ಕಾಯಿ ಹೋಳಾಗುವುದಿಲ್ಲ, ನಾಲ್ಕು ಮೂಲೆ, ಬುಡದ ಬಳಿ 4 ಮುಳ್ಳು. ಸಂಶಯವಿದ್ದರೆ ಹಸಿ ಕುಡಿಯೊಂದನ್ನು ಲೋಟದ ನೀರಿನಲ್ಲಿ ತಿರುಗಿಸಿ ನೋಡಬಹುದು. ಆನೆನೆಗ್ಗಿಲಾದರೆ ನೀರು ಲೋಳೆಯಾಗುತ್ತದೆ. ಮಕ್ಕಳಿಗೂ ಮೆಚ್ಚುಗೆಯಾಗುವ ಪರೀಕ್ಷೆ ಇದು.

ಬೇರೆ ಹುಲ್ಲಿನೊಡನೆ ಕುರಿಗಳು ನೆಗ್ಗಿಲನ್ನು ಸ್ವಲ್ಪ ಮೇಯ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮಳೆ ಹಿಂದೆಗೆದು, ಬಿಸಿಲಿಗೆ ಬಾಡಿದ ನೆಗ್ಗಿಲೊಂದೇ ಉಳಿದ ಬೀಳಿನಲ್ಲಿ ಹಸಿದ ಮಂದೆಯನ್ನು ಬಿಟ್ಟಾಗ ಅಪಾಯ. ಗಿಡದಲ್ಲಿರುವ ಸ್ಯಾಪೊನಿನ್‌ಗಳು ಪಿತ್ತನಾಳಗಳಲ್ಲಿ ಹರಳುಗಟ್ಟುತ್ತವೆ. ಆಗ ಹಸಿರು ಮೇವಿನಿಂದ ಹುಟ್ಟುವ ಒಂದು ವಸ್ತು ಪಿತ್ತದ ಮೂಲಕ ಹೊರಹೋಗದೆ ರಕ್ತದಲ್ಲಿ ಸೇರಿಕೊಂಡು, ಬಿಸಿಲು ತಾಗಿದ ಚರ್ಮವನ್ನು ಸುಡುತ್ತದೆ. ಕಿವಿ, ಮುಖ ಊದುತ್ತವೆ, ಕಣ್ಣು ಹಳದಿಯಾಗುತ್ತದೆ. ದಕ್ಷಿಣ ಆಫ್ರಿಕದ ಕುರಿಗಾರರು ಈ ರೋಗವನ್ನು 'ಹಳದಿ ದಪ್ಪತಲೆ' ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಇಂತಹ ಕುರಿಯನ್ನು ಕೂಡಲೇ ನೆರಳಿಗೆ ಕಟ್ಟಿ, ಮಂದೆಯನ್ನು ಆ ಬೀಳಿನಿಂದ ಹೊರಡಿಸಿ, ಪಶುವೈದ್ಯರನ್ನು ಕರೆಸಬೇಕು. ಬಿಸಿಲಿನಲ್ಲೇ ಬಿಟ್ಟರೆ ಔಷಧದ ಗುಣ ಕಾಣದು.

ಕಾಯಿ ಮಾರುವವರು ಎರಡನ್ನೂ ಬೇರೆ ಬೇರೆಯಾಗಿಯೇ ಆಯ್ದುಕೊಳ್ಳಬೇಕು. ದಶಮೂಲಕ್ಕೆ ಸೇರುವ ಗೋಕ್ಷುರ ಸಣ್ಣ ನೆಗ್ಗಿಲು. ಆನೆನೆಗ್ಗಿಲು 'ದೊಡ್ಡ ಗೋಕ್ಷುರ'.

ನೆಗ್ಗಿಲು ಬೇಡವೆನಿಸಿದ ಹೊಲದಲ್ಲಿ ಹೂ ಕಂಡೊಡನೆ, ಕಾಯಿ ಕಟ್ಟುವ ಮೊದಲು, ಬೇರು ಸಮೇತ ಕೀಳಬೇಕು. ಬೀಜ ಹಲವು ವರ್ಷ ಮಣ್ಣಿನಲ್ಲಿ ಜೀವ ಹಿಡಿದಿರುತ್ತದೆ. ಕಿತ್ತ ಗಿಡಗಳನ್ನು ಬದುವಿನ ಮೇಲೆ ಬಾಡಲು ಬಿಡದೆ, ಕುರಿಗಳಿಗೆ ಸಿಗದಂತೆ ಹೂಳುವುದು ಲೇಸು.