ಅರಿಶಿನದ ಸತ್ವ: ಒಗ್ಗರಣೆಯಿಂದ ಮಾತ್ರೆಯವರೆಗೆ



ಚಾಮರಾಜನಗರದ ಕಡೆಯ ಒಂದು ಹಳ್ಳಿಯ ಸ್ವಸಹಾಯ ಸಂಘದ ಸಭೆಗೆ ನಾವು ಹೋಗಿದ್ದೆವು. ಒಬ್ಬ ತಾಯಿ ಮೂಲೆಯಲ್ಲಿ ಸುಸ್ತಾಗಿ ಕೂತಿದ್ದರು. ನೋಡಿದರೆ ಕಣ್ಣೆಲ್ಲ ಹಳದಿ. ಮಂಡಿನೋವಿಗೆಂದು ಮನೆಬಾಗಿಲಿಗೆ ಬಂದವರಿಂದ ಕರ್ಕ್ಯುಮಿನ್ ಮಾತ್ರೆ ಕೊಂಡು ಮೂರು ತಿಂಗಳು ನುಂಗಿದ್ದರಂತೆ. "ಅರಿಶಿನ ತಾನೇ ಸಿಸ್ಟರ್, ದಿನಾ ಸಾರಿಗೆ ಹಾಕೋದೇ ಅಲ್ವಾ, ಏನಾಗುತ್ತೆ ಅಂದ್ಕೊಂಡೆ" ಎಂದರು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಲಿವರ್‌ಗೆ ಪೆಟ್ಟಾಗಿದೆ, ಮಾತ್ರೆ ನಿಲ್ಲಿಸಿ ಎಂದರು ಡಾಕ್ಟರು. ನಿಲ್ಲಿಸಿದ ಮೇಲೆ ನಿಧಾನವಾಗಿ ಸುಧಾರಿಸಿದರು.

ಅದೇ ಸಂಘದವರು, ನಾವೇ ಯಾಕೆ ಅರಿಶಿನದ ಸತ್ವ ತೆಗೆದು ಮಾರಬಾರದು ಎಂದು ಸಾಲದ ಯೋಚನೆಯಲ್ಲಿದ್ದರು. ಎರಡು ಮಾತಿಗೂ ಉತ್ತರ ಒಂದೇ ಕಡೆ ಇದೆ. ಸತ್ವ ಅಂದರೇನು, ಅದನ್ನು ತೆಗೆಯುವುದು ಹೇಗೆ ಎಂದು ಮೊದಲು ತಿಳಿಯೋಣ.

ಸತ್ವ ಯಾವುದು?

ಕಬ್ಬಿಣಕ್ಕೆ ಗಾಳಿ, ತೇವದಿಂದ ತುಕ್ಕು ಹಿಡಿಯುತ್ತದೆ. ನಮ್ಮ ದೇಹದ ಕಣಗಳಲ್ಲೂ ಆಮ್ಲಜನಕದಿಂದ ಒಂದು ಬಗೆಯ ಸವೆತ ಆಗುತ್ತಿರುತ್ತದೆ. ಇದನ್ನು ತಡೆಯಬಲ್ಲ ವಸ್ತುಗಳಿಗೆ ಆಂಟಿ ಆಕ್ಸಿಡೆಂಟ್ ಎನ್ನುತ್ತಾರೆ. ಅರಿಶಿನದಲ್ಲಿರುವುದು ಕರ್ಕ್ಯುಮಿನ್. ಅರಿಶಿನದ ಹಳದಿ ಬಣ್ಣವೇ ಅದು. 1815ರಲ್ಲಿ ವೋಗೆಲ್ ಮತ್ತು ಪೆಲ್ಟಿಯೆ ಎಂಬ ವಿಜ್ಞಾನಿಗಳು ಇದನ್ನು ಮೊದಲು ಬೇರ್ಪಡಿಸಿದರು. ಅದರ ರಚನೆ ಗೊತ್ತಾಗಿದ್ದು 1910ರಲ್ಲಿ.

ಇದರ ಗುಣ ನಿಮಗೆ ಗೊತ್ತಿರುವುದೇ. ನೀರಿಗೆ ಹಾಕಿದ ಅರಿಶಿನ ತಳಕ್ಕೆ ಕೂರುತ್ತದೆ, ಒಗ್ಗರಣೆಯ ಎಣ್ಣೆ ಮಾತ್ರ ಹಳದಿಯಾಗುತ್ತದೆ. ಅಂದರೆ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ, ಓಕುಳಿ ನೀರಿನಲ್ಲಿ ನೋಡಿದ್ದೀರಿ. ಸೀರೆಯ ಅರಿಶಿನ ಕಲೆ ಬಿಸಿಲಿಗೆ ಮಾಸುತ್ತದೆ, ಅಂದರೆ ಬೆಳಕಿಗೆ ಅದು ಕೆಡುತ್ತದೆ.

ತೆಗೆಯುವುದು ಹೇಗೆ?

ನೀರಿನಲ್ಲಿ ಕುದಿಸಿ ಕಷಾಯ ಮಾಡಿದರೆ ಕರ್ಕ್ಯುಮಿನ್ ಹೆಚ್ಚು ಇಳಿಯುವುದಿಲ್ಲ. ಕಾರ್ಖಾನೆಯಲ್ಲಿ ಒಣ ಕೊಂಬನ್ನು ಪುಡಿ ಮಾಡಿ ಅಸಿಟೋನ್, ಆಲ್ಕೋಹಾಲ್ ಅಥವಾ ಈಥೈಲ್ ಅಸಿಟೇಟ್ ಎಂಬ ದ್ರಾವಕದಲ್ಲಿ ನೆನೆಸಿ ಸೋಸುತ್ತಾರೆ. ದ್ರಾವಕವನ್ನು ಆವಿ ಮಾಡಿ ತೆಗೆದರೆ ಅಂಟಂಟಾದ ಒಲಿಯೊರೆಸಿನ್ ಉಳಿಯುತ್ತದೆ. ಅದರಿಂದ ಎಣ್ಣೆ ಅಂಶ ಬೇರ್ಪಡಿಸಿ ಹರಳುಗಟ್ಟಿಸಿದರೆ, ನೂರಕ್ಕೆ 95 ಭಾಗ ಸತ್ವವಿರುವ ಹಳದಿ ಪುಡಿ ಸಿಗುತ್ತದೆ. ಈ ದ್ರಾವಕಗಳಿಗೆ ಬೇಗ ಬೆಂಕಿ ಹತ್ತುತ್ತದೆ. ಪುಡಿಯಲ್ಲಿ ದ್ರಾವಕ ಉಳಿದಿದೆಯೇ ಎಂದು ಪ್ರಯೋಗಾಲಯದಲ್ಲಿ ನೋಡಬೇಕು. ಆದ್ದರಿಂದ ಇದು ಮನೆಯ ಹಿತ್ತಲಿನಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ.

ಲೆಕ್ಕ ಹಾಕಿ ನೋಡಿ

ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು 3 ಭಾಗ. ತಳಿ ನೋಡಿಕೊಂಡು ಸ್ವಲ್ಪ ಹೆಚ್ಚು ಕಡಿಮೆ ಇರಬಹುದು. 500 ಮಿಲಿಗ್ರಾಂ ಸತ್ವದ ಒಂದು ಮಾತ್ರೆ ಎಂದರೆ ಸುಮಾರು 5 ಟೀ ಚಮಚ ಅರಿಶಿನಕ್ಕೆ ಸಮ! ಸಾರಿಗೆ ನಾವು ಹಾಕುವುದು ಇಡೀ ಮನೆಗೆ ಒಂದು ಚಿಟಿಕೆ.

ಇನ್ನೊಂದು ಸಂಗತಿ. ಬರೀ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕರಿಮೆಣಸಿನ ಸತ್ವ, ಕೊಟ್ಟಾಗ ಅದು ಸುಮಾರು 20 ಪಟ್ಟು ಹೆಚ್ಚು ಸೇರಿತು. ಅಂದಿನಿಂದ ಎಷ್ಟೋ ಮಾತ್ರೆಗಳಲ್ಲಿ ಎರಡನ್ನೂ ಬೆರೆಸುತ್ತಾರೆ. ಆದರೆ ಪೈಪರಿನ್ ಬೇರೆ ಔಷಧಗಳನ್ನೂ ಹೆಚ್ಚಾಗಿ ಸೇರಿಸಬಲ್ಲದು. ಇಟಲಿಯಲ್ಲಿ 2019ರಲ್ಲಿ ಇಂಥ ಮಾತ್ರೆ ನುಂಗಿದ ಹಲವರಿಗೆ ಲಿವರ್ ಊತ ಬಂದದ್ದು ವರದಿಯಾಯಿತು. 2022ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯವು ಡಬ್ಬಿಯ ಮೇಲೆ ಎಚ್ಚರಿಕೆ ಬರೆಯಲೇಬೇಕೆಂದು ಆದೇಶಿಸಿತು.

ಹಾಗೆಂದು ಅರಿಶಿನಕ್ಕೆ ಹೆದರಬೇಡಿ. ಅಡುಗೆಯ ಅರಿಶಿನ ಆಹಾರ, ತೆಗೆದ ಸತ್ವ ಔಷಧ. ಔಷಧವನ್ನು ಅಳತೆ ನೋಡದೆ ನುಂಗಬಾರದು.

ನಾವು ಮಾಡಬೇಕಾದದ್ದು

1. ಲಿವರ್ ತೊಂದರೆ, ಪಿತ್ತಕೋಶದ ಕಲ್ಲು ಇರುವವರು, ಬಸುರಿಯರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಸತ್ವದ ಮಾತ್ರೆ ಮುಟ್ಟಬೇಡಿ.
2. ಕಣ್ಣು ಹಳದಿ, ಮೂತ್ರ ಕಡು ಬಣ್ಣ, ವಾಕರಿಕೆ ಕಂಡರೆ ತಕ್ಷಣ ನಿಲ್ಲಿಸಿ, ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಿ.
3. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ಬಿಟ್ಟು ಇದನ್ನು ನುಂಗಬೇಡಿ.
4. ಸಂಘಕ್ಕೆ ಆದಾಯ ಬೇಕಾದರೆ ಕೊಂಬನ್ನು ಚೆನ್ನಾಗಿ ಬೇಯಿಸಿ, ಒಣಗಿಸಿ, ನಮ್ಮ ಕಣ್ಣೆದುರಿಗೇ ಬೀಸಿಸಿ ಮಾರೋಣ. ಇದಕ್ಕೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಕೆಲವು ಕಡೆ ಬಣ್ಣ ಬರಲೆಂದು ಸೀಸದ ಕ್ರೋಮೇಟ್ ಬೆರೆಸುತ್ತಾರೆ, ಅದು ವಿಷ. ಕಲಬೆರಕೆ ಇಲ್ಲದ ಪುಡಿಗೆ ಯಾವಾಗಲೂ ಬೇಡಿಕೆ ಇದೆ. ಪುಡಿಯನ್ನು ಬೆಳಕು ತಾಗದ ಡಬ್ಬಿಯಲ್ಲಿಡಿ.

ಸಭೆಯಲ್ಲಿ ಚರ್ಚಿಸಿ

ನಮ್ಮ ಮನೆಯಲ್ಲಿ ಯಾರಾದರೂ ಡಾಕ್ಟರಿಗೆ ಹೇಳದೆ ಇಂಥ ಮಾತ್ರೆ ನುಂಗುತ್ತಿದ್ದಾರೆಯೇ? ಮಾರಲು ಬಂದವರನ್ನು ನಾವು ಏನೇನು ಕೇಳಬೇಕು?

ಆ ತಾಯಿ ಈಗ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಹೇಳುತ್ತಾರೆ: "ಡಬ್ಬಿ ತಂದವರನ್ನ ಮೊದಲು ಕೂರಿಸಿ ಕೇಳ್ರಮ್ಮ, ಆಮೇಲೆ ದುಡ್ಡು ಕೊಡಿ." ನಾವೂ ಹಾಗೆಯೇ ಕೇಳೋಣ.