ಒಂದು ಧಾತುವಿನ ಸಹವಾಸ

ಪರಭಾಷೆಯೊಂದನ್ನು ಕಲಿಯಹೊರಟವರು ಮೊದಲು ನೂರಾರು ಶಬ್ದಗಳನ್ನು ಕೂಡಿಟ್ಟುಕೊಳ್ಳಬೇಕೋ, ಅಥವಾ ಒಂದೇ ಒಂದು ಧಾತುವನ್ನು ಹಿಡಿದು ಅದರ ಸಕಲ ರೂಪಗಳನ್ನೂ ನಾಲಗೆಗೆ ವಶಮಾಡಿಕೊಳ್ಳಬೇಕೋ ಎಂದು ಯಾರಾದರೂ ಕೇಳಿದರೆ, ಎರಡನೆಯದೇ ಸನ್ಮಾರ್ಗವೆಂದು ನಾನು ನಿಸ್ಸಂದೇಹವಾಗಿ ಹೇಳುವೆನು. ಕೊಪ್ಪದ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಕನ್ನಡವನ್ನೂ ಸಂಸ್ಕೃತವನ್ನೂ ಬೋಧಿಸಿ ನಿವೃತ್ತನಾದ ನನಗೆ ಈ ನಂಬಿಕೆ ಮೊದಲಿನಿಂದಲೂ ಇದ್ದಿತು. ಅದು ಅನುಭವದಿಂದ ದೃಢವಾದದ್ದು ಮಾತ್ರ ಇತ್ತೀಚೆಗೆ, ಅಮೆರಿಕದ ಟೆಕ್ಸಾಸಿನಲ್ಲಿ ಓದುತ್ತಿರುವ ಮೊಮ್ಮಗಳು ಶಾಲೆಯಲ್ಲಿ ಸ್ಪ್ಯಾನಿಷ್ ಭಾಷೆಯನ್ನು ತೆಗೆದುಕೊಂಡು, ಪಾಠ ಒಪ್ಪಿಸಲು ಜೊತೆಗಾರನಾಗಿ ನನ್ನನ್ನು ಆರಿಸಿಕೊಂಡ ಮೇಲೆ. ಇಲ್ಲಿ ಬೆಳಗಿನ ಕಾಫಿಯಾಗುವ ಹೊತ್ತಿಗೆ ಅಲ್ಲಿ ರಾತ್ರಿಯ ಊಟ ಮುಗಿದಿರುತ್ತದೆ. ಮೊಬೈಲಿನ ಪರದೆಯಲ್ಲಿ ಅವಳ ನೋಟ್ ಪುಸ್ತಕ, ಅದರ ಹಿಂದೆ ಅವಳ ಮುಖ.

ಆ ಪುಸ್ತಕದಲ್ಲಿ ಮೊದಲು ಕಂಡದ್ದು ‘ಮಾತನಾಡು’ ಎಂಬರ್ಥದ ‘ಅಬ್ಲಾರ್’ ಧಾತುವಿನ ಕೋಷ್ಟಕ. ಬರಹದಲ್ಲಿ ಅದರ ಆದಿಯಲ್ಲಿ ಹಕಾರವುಂಟು, ಉಚ್ಚಾರಣೆಯಲ್ಲಿಲ್ಲ. ಸ್ಪ್ಯಾನಿಷಿನ ಧಾತುಗಳೆಲ್ಲವೂ ‘ಆರ್’, ‘ಏರ್’, ‘ಈರ್’ ಎಂಬ ಮೂರು ಅಂತ್ಯಗಳ ಪ್ರಕಾರ ಮೂರು ಗಣಗಳಾಗಿ ನಿಲ್ಲುತ್ತವೆ. ಹತ್ತು ಗಣಗಳ ಧಾತುಪಾಠವನ್ನು ಕಂಡವರಿಗೆ ಇದು ಭಾರವಲ್ಲ. ಅಂತ್ಯವನ್ನು ಕಳಚಿದರೆ ಉಳಿಯುವುದು ಪ್ರಕೃತಿ. ಅದಕ್ಕೆ ಪ್ರತ್ಯಯ ಹತ್ತಿದಂತೆಲ್ಲ ಆಬ್ಲೊ, ಆಬ್ಲಸ್, ಆಬ್ಲ, ಅಬ್ಲಾಮೊಸ್, ಆಬ್ಲನ್: ನಾನು, ನೀನು, ಅವನು, ನಾವು, ಅವರು ಮಾತನಾಡುವ ವರ್ತಮಾನರೂಪಗಳು. ‘ನೀವು’ ಎಂಬುದಕ್ಕೆ ಸ್ಪೇನ್ ದೇಶದಲ್ಲಿ ಬಳಕೆಯಲ್ಲಿರುವ ‘ಅಬ್ಲಾಯಿಸ್’ ರೂಪವು ಲ್ಯಾಟಿನ್ ಅಮೆರಿಕದಲ್ಲಿ ಬಳಕೆಯಲ್ಲಿಲ್ಲವಾದ್ದರಿಂದ ಅವಳ ಕೋಷ್ಟಕದಲ್ಲಿ ಆ ಮನೆ ಖಾಲಿಯಿತ್ತು.

ನಾನು ಓದತೊಡಗಿದೊಡನೆ ಅವಳು ತಡೆದಳು. “ಅಜ್ಜಯ್ಯ, ನೀವು ಯಾಕೆ ‘ಅವನು’ ಅಂತ ಶುರು ಮಾಡ್ತೀರಿ? ‘ನಾನು’ ಅನ್ನೋದು ಮೊದಲು ಬರ್ಬೇಕು.” ಅವಳ ಕೋಷ್ಟಕ ‘ನಾನು’ ಎಂಬಲ್ಲಿ ಆರಂಭವಾಗಿ ‘ಅವರು’ ಎಂಬಲ್ಲಿ ಮುಗಿಯುತ್ತದೆ, ಶೃಂಗೇರಿಯ ಪಾಠಶಾಲೆಯಲ್ಲಿ, ಹಂಚಿನ ಮಾಡಿನ ಮೇಲೆ ಸುರಿಯುವ ಆಷಾಢದ ಮಳೆಗಿಂತ ಗಟ್ಟಿಯಾದ ಧ್ವನಿಯಲ್ಲಿ ‘ಪಠತಿ ಪಠತಃ ಪಠಂತಿ’ ಎಂದು ಹೇಳಿ ಬೆಳೆದ ನನಗೆ ‘ಅವನು’ ಪ್ರಥಮಪುರುಷ, ‘ನೀನು’ ಮಧ್ಯಮಪುರುಷ, ‘ನಾನು’ ಕೊನೆಗೆ ಬರತಕ್ಕ ಉತ್ತಮಪುರುಷ. ಎರಡು ಕ್ರಮಗಳನ್ನೂ ಇಬ್ಬರೂ ಹೇಳಿ ನೋಡಿದೆವು. ಮೇಲಿನಿಂದಲೂ ಕೆಳಗಿನಿಂದಲೂ ತಡವರಿಸದೆ ಹೇಳಬಲ್ಲವರಿಗೆ ಮಾತ್ರ ಕೋಷ್ಟಕ ಕರಗತವಾಗಿದೆಯೆಂಬುದು ಆ ಪ್ರಸಂಗದಿಂದ ನಾನು ಪಡೆದ ಮೊದಲನೆಯ ಪಾಠ.

ಕನ್ನಡಿಗನಿಗೆ ಈ ಭಾಷೆಯಲ್ಲಿ ಕೆಲವು ಸಂಗತಿಗಳು ಪ್ರಯಾಸವಿಲ್ಲದೆ ಒದಗಿಬರುತ್ತವೆ. ಧಾತು, ಕಾಲಸೂಚಕ ಪ್ರತ್ಯಯ, ಆಖ್ಯಾತ ಪ್ರತ್ಯಯ ಎಂದು ಕ್ರಿಯಾಪದವನ್ನು ಬಿಡಿಸುವುದನ್ನು ನಮ್ಮ ಮಕ್ಕಳು ಶಾಲೆಯಲ್ಲಿಯೇ ಕಲಿಯುತ್ತಾರೆ. ‘ಬಂದೆ’ ಎಂದರೆ ಸಾಕು, ‘ನಾನು’ ಎಂದು ಬೇರೆ ಹೇಳಬೇಕಾಗಿಲ್ಲ. ಸ್ಪ್ಯಾನಿಷಿನಲ್ಲಿಯೂ ಹಾಗೆಯೇ, ‘ಆಬ್ಲೊ’ ಎಂಬುದರೊಳಗೆ ಕರ್ತೃವೂ ಅಡಗಿದ್ದಾನೆ. ಇಂಗ್ಲಿಷಿನ ಮೂಲಕ ಕಲಿಯುವ ಅವಳ ಸಹಪಾಠಿಗಳು ಪ್ರತಿವಾಕ್ಯದಲ್ಲಿಯೂ ಸರ್ವನಾಮವನ್ನು ಹೇರುತ್ತಾರಂತೆ. ಮನೆಯಲ್ಲಿ ಕನ್ನಡವಾಡುವ ಇವಳಿಗೆ ಆ ಅಭ್ಯಾಸ ಅಂಟಲಿಲ್ಲ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಆಖ್ಯಾತಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟು ಕನ್ನಡ ಕ್ರಿಯಾಪದದ ವ್ಯವಸ್ಥೆಯನ್ನು ನಿರೂಪಿಸಿದ್ದು 13ನೆಯ ಶತಮಾನದಲ್ಲಿ. ಸ್ಪೇನಿನ ನೆಬ್ರೀಹ ಎಂಬ ವಿದ್ವಾಂಸನು ಕ್ಯಾಸ್ಟೀಲಿಯನ್ ಭಾಷೆಗೆ ಮೊದಲ ವ್ಯಾಕರಣವನ್ನು ರಚಿಸಿದ್ದು 1492ರಲ್ಲಿ. ಇದನ್ನು ಕೇಳಿದಾಗ ಮೊಮ್ಮಗಳ ಕಣ್ಣು ಅರಳಿದುದನ್ನು ಕಂಡು ನನಗಾದ ಸಂತೋಷ ಅಪಾರ.

ಭೂತಕಾಲದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಯಿತು. ಸ್ಪ್ಯಾನಿಷಿನಲ್ಲಿ ಸರಳ ಭೂತರೂಪಗಳು ಎರಡು: ಅಬ್ಲೇ, ಅಬ್ಲಾಸ್ತೆ, ಅಬ್ಲೋ ಎಂದು ನಡೆಯುವುದು ಒಂದು, ಅಬ್ಲಾಬ, ಅಬ್ಲಾಬಸ್, ಅಬ್ಲಾಬ ಎಂದು ನಡೆಯುವುದು ಇನ್ನೊಂದು. ಸಂಸ್ಕೃತದಲ್ಲಿಯೂ ಭೂತಕ್ಕೆ ಲಙ್, ಲಿಟ್, ಲುಙ್ ಎಂದು ಮೂರು ಲಕಾರಗಳುಂಟಷ್ಟೆ. ಆದರೆ ಅಲ್ಲಿಯ ವಿಭಾಗವು, ಕ್ರಿಯೆ ಇಂದಿನದಲ್ಲವೋ, ವಕ್ತೃವಿಗೆ ಪರೋಕ್ಷವೋ, ಸಾಮಾನ್ಯವಾಗಿ ಕಳೆದುಹೋದುದೋ ಎಂಬುದನ್ನು ಅವಲಂಬಿಸಿದುದು. ಆ ಸೂತ್ರ ಇಲ್ಲಿ ನಡೆಯಲಿಲ್ಲ. ನಡೆದುದು ನಮ್ಮ ಮನೆಮಾತು. ‘ಮಾತನಾಡಿದನು’ ಎಂದರೆ ಆಡಿ ಮುಗಿಸಿದ ಮಾತು, ಅದೇ ‘ಅಬ್ಲೋ’. ‘ಮಾತನಾಡುತ್ತಿದ್ದನು’ ಎಂದರೆ ಆ ಹೊತ್ತಿನಲ್ಲಿ ನಡೆಯುತ್ತಿದ್ದ ಮಾತೂ ಆಗಬಹುದು, ಪ್ರತಿನಿತ್ಯದ ರೂಢಿಯೂ ಆಗಬಹುದು. ಆ ಎರಡೂ ಅರ್ಥಗಳು ‘ಅಬ್ಲಾಬ’ ಎಂಬ ಒಂದೇ ರೂಪದಲ್ಲಿ ಇವೆ. ಇಂಗ್ಲಿಷು ಈ ಎರಡನ್ನು ಬೇರೆಬೇರೆ ಪದಗಳಿಂದ ಹೇಳುವುದರಿಂದ ಅವಳ ಪಠ್ಯಪುಸ್ತಕ ಇದಕ್ಕಾಗಿ ಪುಟಗಟ್ಟಲೆ ವಿವರಣೆ ಕೊಟ್ಟಿತ್ತು. ನಾನು ಅವಳಿಗೆ ಹೇಳಿಸಿದುದು ಒಂದು ಕಥೆಯನ್ನು: ಮಳೆ ಸುರಿಯುತ್ತಿತ್ತು, ಹೊಳೆ ಏರುತ್ತಿತ್ತು, ಅಡಕೆ ತೋಟದಲ್ಲಿ ಆಳುಗಳು ಮಾತನಾಡುತ್ತಿದ್ದರು, ಅಷ್ಟರಲ್ಲಿ ಸಂಕ ಮುರಿಯಿತು. ಹಿನ್ನೆಲೆಯಾಗಿ ನಿಂತುದೆಲ್ಲವೂ ಎರಡನೆಯ ರೂಪ. ಸಂಕ ಮುರಿದುದೊಂದೇ ಮೊದಲನೆಯದು. ಆಮೇಲೆ ಅವಳು ಆ ಪುಟಗಳನ್ನು ತೆರೆಯಲಿಲ್ಲ.

ಸ್ವರಭಾರವನ್ನು ಮಾತ್ರ ಕಿವಿಯಿಂದಲೇ ಕಲಿಯಬೇಕು. ಆದಿಯನ್ನು ಒತ್ತಿ ‘ಆಬ್ಲೊ’ ಎಂದರೆ ಮಾತನಾಡುವವನು ನಾನು, ಈಗ. ಅಂತ್ಯವನ್ನು ಒತ್ತಿ ‘ಅಬ್ಲೋ’ ಎಂದರೆ ಅವನು, ಆಗ. ವೇದಪಾಠದಲ್ಲಿ ಸ್ವರ ತಪ್ಪಿದರೆ ಅರ್ಥ ಕೆಡುತ್ತದೆಂದು ಗುರುಗಳು ಎಚ್ಚರಿಸುತ್ತಿದ್ದರು. ದಿನನಿತ್ಯದ ಭಾಷೆಯೊಂದರಲ್ಲಿ ಅದರ ನಿದರ್ಶನ ಇಷ್ಟು ಸ್ಫುಟವಾಗಿ ನನಗೆ ದೊರೆತದ್ದು ಇದೇ ಮೊದಲು.

ಇನ್ನು, ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದ ವಿಷಯ. ಗೌರವದಿಂದ ‘ತಾವು’ ಎನ್ನಬೇಕಾದಲ್ಲಿ ಸ್ಪ್ಯಾನಿಷರು ‘ಉಸ್ತೇದ್’ ಎನ್ನುತ್ತಾರೆ, ಆದರೆ ಕ್ರಿಯಾಪದವನ್ನು ಪ್ರಥಮಪುರುಷದಲ್ಲಿ ಇಡುತ್ತಾರೆ: ‘ಉಸ್ತೇದ್ ಆಬ್ಲ’. “ಎದುರಿಗೇ ಕೂತವರಿಗೆ ‘ಅವರು’ ಅನ್ನೋ ಹಾಗೆ ಯಾಕೆ ಹೇಳ್ತಾರೆ ಅಜ್ಜಯ್ಯ?” ಎಂದು ಅವಳು ಕೇಳಿದಳು. ಸಂಸ್ಕೃತ ಬಲ್ಲವರಿಗೆ ಉತ್ತರ ಸಿದ್ಧವಾಗಿಯೇ ಇದೆ: ‘ತ್ವಂ ಪಠಸಿ’ ಎಂಬಲ್ಲಿ ಮಧ್ಯಮಪುರುಷ, ‘ಭವಾನ್ ಪಠತಿ’ ಎಂಬಲ್ಲಿ ಪ್ರಥಮಪುರುಷ. ‘ಉಸ್ತೇದ್’ ಎಂಬುದು ‘ನಿಮ್ಮ ಕೃಪೆ’ ಎಂಬರ್ಥದ ಎರಡು ಶಬ್ದಗಳು ಸವೆದು ಒಂದಾದ ರೂಪ. ಕೃಪೆಯು ಮಾತನಾಡುತ್ತದೆ ಎಂಬುದೇ ಮೂಲದ ವಾಕ್ಯವಾದಕಾರಣ ಕ್ರಿಯಾಪದ ಅದನ್ನು ಅನುಸರಿಸಿತು. ಆದರೆ ಅವಳಿಗೆ ಮನವರಿಕೆಯಾದುದು ಭವಾನ್ ಶಬ್ದದಿಂದಲ್ಲ. ಶೃಂಗೇರಿಯಲ್ಲಿ ಜಗದ್ಗುರುಗಳ ಮುಂದೆ ಕೈಮುಗಿದು ನಿಂತವರು ಅವರನ್ನು ‘ಸನ್ನಿಧಾನ’ವೆಂದೇ ಸಂಬೋಧಿಸಿ, ‘ಸನ್ನಿಧಾನ ಅನುಗ್ರಹಿಸಬೇಕು’ ಎಂದು ಬಿನ್ನವಿಸಿಕೊಳ್ಳುವುದನ್ನು ಅವಳು ಹಿಂದೊಮ್ಮೆ ರಜೆಗೆ ಬಂದಾಗ ಕೇಳಿದ್ದಳು. ಅಷ್ಟು ದೂರವೇಕೆ, ನಮ್ಮ ಮನೆಯ ಜಗಲಿಯಲ್ಲಿ ಬಂದು ಕುಳಿತವರನ್ನೇ ‘ಭಟ್ರು ಯಾವಾಗ ಬಂದದ್ದು?’ ಎಂದು ವಿಚಾರಿಸುವುದು ಈ ಸೀಮೆಯ ವಾಡಿಕೆಯಲ್ಲವೆ? ನೇರವಾಗಿ ಬೆರಳುಮಾಡಿ ತೋರಿಸದೆ, ಒಂದು ಹೆಜ್ಜೆ ಹಿಂದೆ ಸರಿದು ಮಾತನಾಡುವುದೇ ಮರ್ಯಾದೆಯೆಂಬ ಭಾವವು ತುಂಗಾತೀರದಲ್ಲಿಯೂ ಸ್ಪೇನಿನಲ್ಲಿಯೂ ಕ್ರಿಯಾಪದದ ರೂಪದಲ್ಲಿಯೇ ನೆಲೆಗೊಂಡಿರುವುದನ್ನು ಕಂಡು ನಾನು ಬಹಳ ಹೊತ್ತು ಅದನ್ನೇ ಚಿಂತಿಸಿದೆನು.

ಭವಿಷ್ಯತ್ತು ಸುಲಭ. ‘ಅಬ್ಲಾರ್’ ಎಂಬ ಪೂರ್ಣರೂಪಕ್ಕೇ ಏ, ಆಸ್, ಆ, ಏಮೊಸ್, ಆನ್ ಎಂದು ಸೇರಿಸುವುದು; ಅಬ್ಲರೇ, ಅಬ್ಲರಾಸ್, ಅಬ್ಲರಾ. ಈ ಅಂತ್ಯಗಳು ಹಿಂದೆ ಒಂದು ಸ್ವತಂತ್ರ ಸಹಾಯಕ ಧಾತುವಿನ ವರ್ತಮಾನರೂಪಗಳಾಗಿದ್ದು, ಕಾಲಕ್ರಮದಲ್ಲಿ ಮುಖ್ಯಧಾತುವಿಗೆ ಬೆಸೆದುಕೊಂಡವು; ಸಂಸ್ಕೃತದ ಲುಟ್ ಲಕಾರದ ‘ಪಠಿತಾಸ್ಮಿ’ಯಲ್ಲಿ ‘ಅಸ್ಮಿ’ ಬೆಸೆದುಕೊಂಡಂತೆ, ನಮ್ಮ ‘ಬರೆದಿದ್ದೇನೆ’ಯಲ್ಲಿ ‘ಇದ್ದೇನೆ’ ಸೇರಿಕೊಂಡಂತೆ. ಈ ಭವಿಷ್ಯದ್ರೂಪವೇ ಊಹೆಗೂ ಸಲ್ಲುತ್ತದೆ: ‘ಎಲ್ಲಿದ್ದಾನೆ?’ ಎಂದವರಿಗೆ ‘ಮನೆಯಲ್ಲಿದ್ದಾನು’ ಎನ್ನಬೇಕಾದರೆ ಅವರು ಭವಿಷ್ಯತ್ತನ್ನೇ ಹೇಳುತ್ತಾರೆ. ನಮ್ಮಲ್ಲಿ ಅದಕ್ಕೆ ಸಂಭಾವನಾರ್ಥಕವೆಂಬ ಬೇರೆಯ ರೂಪವೇ ಉಂಟು. ಈ ಐಶ್ವರ್ಯವನ್ನು ಆಡುಮಾತಿನಿಂದ ನಾವು ಜಾರಗೊಡುತ್ತಿದ್ದೇವೆಂಬ ವ್ಯಥೆ ನನ್ನದು. ‘ಬಂದಾನು’, ‘ಮಾಡಿಯಾಳು’ ಎಂಬುವನ್ನು ಮೊಮ್ಮಗಳಿಗೆ ಸ್ಪ್ಯಾನಿಷಿನ ನೆವದಿಂದ ಕಲಿಸುವ ಅವಕಾಶ ಸಿಕ್ಕಿದ್ದು ನನ್ನ ಭಾಗ್ಯ.

ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವುದು ಈ ಭಾಗದಲ್ಲಿ ಸಾಮಾನ್ಯ. ಅಂಥ ದಿನಗಳಲ್ಲಿ ಒಬ್ಬನೇ ಕುಳಿತು ಕೋಷ್ಟಕಗಳನ್ನು ಹೇಳಿಕೊಳ್ಳುವೆನು. ಬಾಯಿಪಾಠವನ್ನು ಹಳೆಯ ಕ್ರಮವೆಂದು ಕಡೆಗಣಿಸುವವರಿದ್ದಾರೆ, ಆದರೆ ಮಾತಿನ ನಡುವೆ ಕೋಷ್ಟಕವನ್ನು ತೆರೆದು ನೋಡುವಷ್ಟು ಬಿಡುವು ಯಾವ ಸಂಭಾಷಣೆಯಲ್ಲಿಯೂ ಇರುವುದಿಲ್ಲ.

ಈಗ ನಾವು ಇಚ್ಛೆ, ಸಂಶಯಗಳನ್ನು ಸೂಚಿಸುವ ರೂಪಕ್ಕೆ ಬಂದಿದ್ದೇವೆ. ಅಕಾರವಿದ್ದಲ್ಲಿ ಎಕಾರ ಬಂದು ‘ಆಬ್ಲ’ ಎಂಬುದು ‘ಆಬ್ಲೆ’ ಆಗುತ್ತದೆ. ‘ಕಿಯೇರೊ ಕೆ ಆಬ್ಲೆ’ ಎಂದರೆ ‘ಅವನು ಮಾತನಾಡಲಿ ಎಂದು ಬಯಸುತ್ತೇನೆ’. ಇಲ್ಲಿಯವರೆಗೆ ಕನ್ನಡದ ‘ಅಲಿ’ ಪ್ರತ್ಯಯ ಕೈಹಿಡಿದು ನಡೆಸಿತು. ಆದರೆ ‘ಅವನು ನಾಳೆ ಮಾತನಾಡಿದಾಗ’ ಎನ್ನುವಲ್ಲಿ, ಇನ್ನೂ ನಡೆಯದ ಕ್ರಿಯೆಯಾದುದರಿಂದ, ಅವರು ಇದೇ ‘ಆಬ್ಲೆ’ಯನ್ನು ಬಳಸುತ್ತಾರೆ, ನಾವು ನಡೆಯದ ಆ ಕ್ರಿಯೆಗೂ ‘ಮಾತನಾಡಿದ’ ಎಂಬ ಭೂತಕೃದಂತವನ್ನೇ ಹಿಡಿಯುತ್ತೇವೆ. ಹೀಗೇಕೆಂದು ಮೊಮ್ಮಗಳು ಕೇಳಿದ್ದಾಳೆ. ಶಬ್ದಮಣಿದರ್ಪಣವನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.