ಸೀಟು ಬರುವ ಮೊದಲೇ ಫೀ ಕಟ್ಟಿಸುವ ಭಯ

ಎಂಜಿನಿಯರಿಂಗ್ ಸೀಟು ಹಂಚುವ ಮೊದಲು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಒಂದು ಅಣಕು ಹಂಚಿಕೆ ನಡೆಸುತ್ತದೆ. ಆ ಪಟ್ಟಿಯಲ್ಲಿ ಕಾಣುವ ಕಾಲೇಜು ಖಾತ್ರಿಯಲ್ಲ. ಈ ರ‍್ಯಾಂಕಿಗೆ, ತುಂಬಿದ ಈ ಆಪ್ಷನ್‌ಗಳಿಗೆ ಇಂಥದ್ದು ಸಿಗಬಹುದು ಎಂಬ ಸೂಚನೆ ಮಾತ್ರ. ಎಲ್ಲರಿಗೂ ಅದು ಗೊತ್ತು. ಆದರೂ ಆ ಸಂಜೆ ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಯಾರಿಗೂ ಊಟ ಸೇರುವುದಿಲ್ಲ. ವೆಬ್‌ಸೈಟ್ ತೆರೆದುಕೊಳ್ಳದೆ ಮಕ್ಕಳು ಮೊಬೈಲ್ ಹಿಡಿದು ಕೂತಿರುತ್ತಾರೆ. ಅಪ್ಪ ಬಾಗಿಲಾಚೆ ಓಡಾಡುತ್ತ ಮನಸ್ಸಿನಲ್ಲೇ ಇನ್ನೊಂದು ಲೆಕ್ಕ ಹಾಕುತ್ತಿರುತ್ತಾನೆ.

ಅದು ಫೀ ಲೆಕ್ಕ. ಸೀಟಿನ ಆತಂಕದ ಬಗ್ಗೆ ಟಿವಿಯವರೂ ಮಾತಾಡುತ್ತಾರೆ, ನೆಂಟರೂ ಮಾತಾಡುತ್ತಾರೆ. ಹಣ ಎಲ್ಲಿಂದ, ಸ್ಕಾಲರ್‌ಶಿಪ್ ಬರುತ್ತದೋ ಇಲ್ಲವೋ, ಬಂದರೂ ಯಾವ ತಿಂಗಳಿಗೆ ಎಂಬ ಮಾತು ಮಾತ್ರ ಮಕ್ಕಳು ಮಲಗಿದ ಮೇಲೆ ಗಂಡ ಹೆಂಡತಿಯ ನಡುವೆ ನಡೆಯುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಈ ಕಾಯುವಿಕೆಯಲ್ಲೇ ಮಧ್ಯಮ ವರ್ಗದ ಮನೆಗಳು ಬೇಡದ ದುಡ್ಡು ಕೊಡುತ್ತವೆ, ಬೇಡದ ಸಾಲ ಮಾಡುತ್ತವೆ. ಈ ಅಂಕಣಕಾರ ಅದನ್ನು ತನ್ನ ಅಕ್ಕನ ಮನೆಯಲ್ಲೇ ಕಂಡ.

ಅಕ್ಕನ ಮನೆ ತಿಪಟೂರಿನಲ್ಲಿ. ಭಾವನದು ಪಂಪ್‌ಸೆಟ್, ವೈರು, ಸ್ವಿಚ್ಚು ಮಾರುವ ಚಿಕ್ಕ ಅಂಗಡಿ. ಗಿರಾಕಿಗಳೆಲ್ಲ ಸುತ್ತಲಿನ ತೆಂಗು ಬೆಳೆಗಾರರು. ಮಗ ಪಿಯುಸಿ ಮುಗಿಸಿದ್ದು 2023ರಲ್ಲಿ. ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆ ದರ ಅದಕ್ಕಿಂತ ಸಾವಿರಗಟ್ಟಲೆ ಕೆಳಗಿಳಿದ ವರ್ಷ ಅದು. ಬೆಳೆಗಾರರ ಕೈಯಲ್ಲಿ ಕಾಸಿಲ್ಲದೆ ಅಂಗಡಿಯ ವ್ಯಾಪಾರವೂ ಕುಸಿದಿತ್ತು, ಉದ್ರಿ ಬೆಳೆದಿತ್ತು.

ಸಿಇಟಿ ರ‍್ಯಾಂಕ್ ಬರುವುದಕ್ಕೆ ಇನ್ನೂ ವಾರಗಳಿದ್ದವು. ಅಷ್ಟರಲ್ಲೇ ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಿಂದ ಫೋನು ಶುರುವಾಯಿತು. ಹುಡುಗನ ಪಿಯುಸಿ ಅಂಕ ಚೆನ್ನಾಗಿದೆ, ಮೆರಿಟ್ ಸ್ಕಾಲರ್‌ಶಿಪ್ ಮಂಜೂರಾಗಿದೆ, ಟ್ಯೂಷನ್ ಫೀಯಲ್ಲಿ ಕಾಲು ಭಾಗ ಮನ್ನಾ, ಈ ವಾರದೊಳಗೆ ಅಡ್ವಾನ್ಸ್ ಕಟ್ಟದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ. ಅಕ್ಕ ಬಳೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು. “ಇಟ್ಟು ಕಟ್ಟಿಬಿಡೋಣ ಕಣೋ. ಮಗೂಗೆ ನಿದ್ದೆನಾದ್ರೂ ಬರುತ್ತೆ” ಎಂದಳು.

ಆ ಮಾತಿಗೆ ಎದುರಾಡುವುದು ಸುಲಭವಲ್ಲ. ಹುಡುಗ ಆಗಲೇ ರಾತ್ರಿಯೆಲ್ಲ ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿ ನೋಡುತ್ತ ಕೂರುತ್ತಿದ್ದ. “ಮಾವ, ಇದೂ ಹೋದ್ರೆ?” ಎಂದು ಕೇಳುತ್ತಿದ್ದ. ಆದರೂ ಆ ಸಂಸ್ಥೆ ಕಳಿಸಿದ್ದ ಸ್ಕಾಲರ್‌ಶಿಪ್ ಪತ್ರವನ್ನು ಈ ಅಂಕಣಕಾರ ಕೂತು ಓದಿದ. ಮನ್ನಾ ಇದ್ದದ್ದು ಟ್ಯೂಷನ್ ಫೀಗೆ ಮಾತ್ರ. ಹಾಸ್ಟೆಲ್, ಬಸ್ಸು, ಲ್ಯಾಬ್, ಇತರೆ ಎಂಬ ಕಲಂಗಳೆಲ್ಲ ಪೂರ್ತಿ. ಎರಡನೇ ವರ್ಷದಿಂದ ಮನ್ನಾ ಮುಂದುವರಿಯಬೇಕಾದರೆ ಸಿಜಿಪಿಎ 8ಕ್ಕಿಂತ ಕೆಳಗಿಳಿಯಬಾರದು. ಟ್ಯೂಷನ್ ಫೀ ಮೂರು ಲಕ್ಷ. ಕಾಲು ಭಾಗ ಹೋದರೂ ಉಳಿಯುವುದು ಎರಡೂಕಾಲು ಲಕ್ಷ. ಅದೇ ಹುಡುಗನಿಗೆ ಸಿಇಟಿಯಲ್ಲಿ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟು ಸಿಕ್ಕರೆ, ಸ್ಕಾಲರ್‌ಶಿಪ್ ಎಂಬ ಹೆಸರೇ ಇಲ್ಲದೆ, ವರ್ಷಕ್ಕೆ ಲಕ್ಷದ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ನಾಲ್ಕು ವರ್ಷಕ್ಕೆ ಐದು ಲಕ್ಷದ ವ್ಯತ್ಯಾಸ, ಅದೂ ಹುಡುಗ ಒಂದು ಸೆಮಿಸ್ಟರೂ ಎಡವದಿದ್ದರೆ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂದು ಪೋಷಕರು ಒಮ್ಮೆ ಕಾಗದದ ಮೇಲೆ ಬರೆದು ನೋಡಬೇಕು. 2024-25ರ ಪರಿಷ್ಕರಣೆಯಲ್ಲಿ ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾ ಸೀಟಿನ ಶುಲ್ಕ ಕಾಲೇಜಿನ ವರ್ಗಕ್ಕೆ ತಕ್ಕಂತೆ 76,135 ಅಥವಾ 84,596 ರೂಪಾಯಿ ಆಯಿತು. ವಿಶ್ವವಿದ್ಯಾಲಯದ ಶುಲ್ಕ ಬೇರೆ. ಖಾಸಗಿ ಕಾಲೇಜುಗಳ ಪ್ರತ್ಯೇಕ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆ ಮೂಲಕ ಬಂದವರಿಗೆ ಅದೇ ಸಾಲಿನಲ್ಲಿ 1,86,111 ಅಥವಾ 2,61,477. ಮ್ಯಾನೇಜ್‌ಮೆಂಟ್ ಸೀಟಿನ ದರಕ್ಕೆ ಮಿತಿಯೇ ಕಾಣುವುದಿಲ್ಲ. ಒಂದೇ ತರಗತಿ, ಒಂದೇ ಬೆಂಚು, ಪಾಠ ಮಾಡುವವರೂ ಒಬ್ಬರೇ. ಕಾಯಲು ಆಗದವರು ಕೊಡುವ ಹೆಚ್ಚಿನ ಹಣದ ಅಳತೆ ಇದು.

ಅಕ್ಕನ ಬಳೆ ಆ ದಿನ ಕೈಗೆ ಮರಳಿತು. ಹುಡುಗನ ನಿದ್ದೆ ಮರಳಲಿಲ್ಲ ಎಂಬುದನ್ನೂ ಹೇಳಬೇಕು.

ಕಾಯುವ ಭಯ ಬರೀ ಮನಸ್ಸಿನ ದೌರ್ಬಲ್ಯ ಎಂದು ಹೇಳುವವರು 2022ನ್ನು ನೆನಪಿಸಿಕೊಳ್ಳಲಿ. ಕೋವಿಡ್‌ನಿಂದ 2021ರಲ್ಲಿ ಪಿಯು ಪರೀಕ್ಷೆ ನಡೆದಿರಲಿಲ್ಲ. ಮರು ವರ್ಷ ಮತ್ತೆ ಸಿಇಟಿ ಬರೆದ ಆ ತಂಡದ ಮಕ್ಕಳಿಗೆ ಪಿಯು ಅಂಕ ಪರಿಗಣಿಸುವುದಿಲ್ಲ ಎಂದು ಪ್ರಾಧಿಕಾರ ನಿರ್ಧರಿಸಿತು. ಸುಮಾರು 24 ಸಾವಿರ ರಿಪೀಟರ್‌ಗಳ ರ‍್ಯಾಂಕ್ ಪಾತಾಳಕ್ಕಿಳಿಯಿತು. ವಿಷಯ ಹೈಕೋರ್ಟಿಗೆ ಹೋಯಿತು; ಸೆಪ್ಟೆಂಬರ್‌ನಲ್ಲಿ ಅವರ ಪರ ತೀರ್ಪು, ಅದರ ಮೇಲೆ ಮೇಲ್ಮನವಿ, ಆಮೇಲೆ ಅಂಕ ಹೊಂದಿಸುವ ಒಂದು ಸೂತ್ರ. ಜುಲೈ ಕೊನೆಗೆ ಬಂದ ರ‍್ಯಾಂಕ್ ಪರಿಷ್ಕೃತವಾಗಿ ಮತ್ತೆ ಬಂದದ್ದು ಅಕ್ಟೋಬರ್ ಹೊತ್ತಿಗೆ. ಆ ಎರಡು ತಿಂಗಳಲ್ಲಿ ನ್ಯಾಯ ಸಿಗುವವರೆಗೆ ತಡೆಯಲು ಆಗದೆ ಬೇರೆ ಕಡೆ ಹಣ ಕಟ್ಟಿದ ಮನೆಗಳನ್ನು ಯಾರೂ ತಪ್ಪು ಎನ್ನಲಾಗದು. ಅನಿಶ್ಚಿತತೆ ವ್ಯವಸ್ಥೆಯೊಳಗೇ ಇದೆ.

ಅದಕ್ಕೇ ಈ ತಿಂಗಳುಗಳಲ್ಲಿ ನಮ್ಮ ಕೈಯಲ್ಲಿರುವ ಸಂಗತಿಗಳನ್ನು ಬಿಗಿಯಾಗಿ ಹಿಡಿಯಬೇಕು. ಮೊದಲನೆಯದು ಆಪ್ಷನ್ ಎಂಟ್ರಿ. ‘ನಮಗೆ ಸಿಗುವಂಥದ್ದು’ ಎಂದು ಮಧ್ಯಮ ಕಾಲೇಜನ್ನು ಮೇಲೆ ಬರೆಯುವ ಮನೆಗಳು ಬಹಳ. ಪ್ರಾಧಿಕಾರದ ವ್ಯವಸ್ಥೆ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡುತ್ತದೆ; ಮೇಲಿನದು ಸಿಗದಿದ್ದರಷ್ಟೇ ಕೆಳಗಿನದಕ್ಕೆ ಬರುತ್ತದೆ. ಆಸೆಪಟ್ಟದ್ದನ್ನು ಮೇಲೆ ಬರೆದರೆ ನಷ್ಟವಿಲ್ಲ. ಹಣದ ದೃಷ್ಟಿಯಿಂದ ಮುಖ್ಯವಾದದ್ದು ಬೇರೆ: ಪ್ರತಿ ಕಾಲೇಜಿನ ಎದುರು ಅದರ ಶುಲ್ಕವನ್ನು ಪೆನ್ಸಿಲಿನಲ್ಲಿ ಬರೆದುಕೊಂಡು, ಮನೆಗೆ ನಿಭಾಯಿಸಲಾಗದ್ದನ್ನು ಪಟ್ಟಿಗೇ ಸೇರಿಸಬಾರದು. ಸೀಟು ಬಂದ ಮೇಲೆ ಮಗುವಿನ ಎದುರು ‘ಇದು ಆಗಲ್ಲ’ ಎನ್ನುವುದು ಎರಡು ಪಟ್ಟು ನೋವು.

ಆಮೇಲೆ ಚಾಯ್ಸ್. ಒಂದು ಎಂದರೆ ಸೀಟು ಒಪ್ಪಿ ಸೇರುವುದು. ಎರಡು ಎಂದರೆ ಇದನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು. ಮೂರರಲ್ಲಿ ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುತ್ತಾರೆ, ನಾಲ್ಕರಲ್ಲಿ ಹೊರಗೇ ನಡೆಯುತ್ತಾರೆ. ಅಕ್ಕನ ಮಗ ಮೊದಲ ಸುತ್ತಿನಲ್ಲಿ ಎರಡನ್ನು ಒತ್ತಿದ. ಅಲ್ಲಿ ಗಮನಿಸಬೇಕಾದ್ದು ಏನೆಂದರೆ, ಎರಡನೇ ಸುತ್ತಿನಲ್ಲಿ ಮೇಲಿನ ಆಪ್ಷನ್ ಸಿಕ್ಕರೆ ಹಳೆಯ ಸೀಟು ತಾನಾಗಿಯೇ ಹೋಗುತ್ತದೆ, ವಾಪಸು ಕೇಳುವಂತಿಲ್ಲ. ಆದ್ದರಿಂದ ಶುಲ್ಕ ಹೆಚ್ಚಿರುವ, ಮನಸ್ಸಿಲ್ಲದ ಕಾಲೇಜುಗಳನ್ನು ಅವನು ಸುತ್ತಿಗೆ ಮೊದಲೇ ಅಳಿಸಿದ. ಎರಡನೇ ಸುತ್ತಿನಲ್ಲಿ ಬೆಂಗಳೂರಿನಲ್ಲೇ ಇನ್ಫರ್ಮೇಷನ್ ಸೈನ್ಸ್ ಸಿಕ್ಕಿತು.

ಸೀಟಿನ ಆತಂಕ ಮುಗಿಯಿತು, ಹಣದ್ದು ಅಲ್ಲಿಂದ ಶುರುವಾಯಿತು. ಫೀ ಕಟ್ಟಲು ಇದ್ದ ಗಡುವು ಕೆಲವೇ ದಿನ. ಕೇಂದ್ರ ಸರ್ಕಾರದ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್‌ಗೆ ಹುಡುಗ ಅರ್ಹನಾಗಿದ್ದ. ಬೋರ್ಡ್ ಪರೀಕ್ಷೆಯಲ್ಲಿ ತನ್ನ ವಿಭಾಗದ ಮೊದಲ ಶೇ 20ರೊಳಗೆ ಬಂದ, ಕುಟುಂಬದ ಆದಾಯ ನಾಲ್ಕೂವರೆ ಲಕ್ಷ ಮೀರದ ವಿದ್ಯಾರ್ಥಿಗಳಿಗೆ ಅದು. ದೇಶಕ್ಕೆಲ್ಲ ವರ್ಷಕ್ಕೆ 82 ಸಾವಿರ ಹೊಸ ವಿದ್ಯಾರ್ಥಿವೇತನ, ಅರ್ಧ ಹುಡುಗಿಯರಿಗೆ. ಪದವಿಯ ಮೊದಲ ಮೂರು ವರ್ಷ 12,000 ರೂಪಾಯಿ, ಎಂಜಿನಿಯರಿಂಗಿನಂಥ ಕೋರ್ಸಿನ ನಾಲ್ಕನೇ ವರ್ಷ 20,000. ಆದರೆ ಅರ್ಜಿ ಹಾಕಲು ಕಾಲೇಜಿಗೆ ಸೇರಿರಬೇಕು, ಸೇರಲು ಫೀ ಕಟ್ಟಿರಬೇಕು. ಕಾಲೇಜಿನ ಪರಿಶೀಲನೆ, ಅದರ ಮೇಲೆ ಬೋರ್ಡಿನ ಪರಿಶೀಲನೆ, ಆಮೇಲೆ ಹಣ. ಅಕ್ಕನ ಮಗನ ಖಾತೆಗೆ ಅದು ಬಂದದ್ದು ಮರು ವರ್ಷ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಓದುಗರು ತಾವೇ ಮಾಡಿ ನೋಡಲಿ. ಸ್ಕಾಲರ್‌ಶಿಪ್ ಬರುವವರೆಗೆ ಎಂದು 80,000 ರೂಪಾಯಿ ಚಿನ್ನದ ಸಾಲ ತೆಗೆದರೆ, ವರ್ಷಕ್ಕೆ ಶೇ 12ರ ಬಡ್ಡಿಯಲ್ಲಿ ಹತ್ತು ತಿಂಗಳಿಗೆ 8,000. ಸರ್ಕಾರ ಕೊಟ್ಟ 12,000ದಲ್ಲಿ ಮೂರನೇ ಎರಡು ಭಾಗ ಬಡ್ಡಿಗೇ ಹೋಯಿತು. ತಡವಾಗಿ ಬರುವ ವಿದ್ಯಾರ್ಥಿವೇತನ ಕಡಿಮೆಯಾಗಿ ಬರುವ ವಿದ್ಯಾರ್ಥಿವೇತನವೇ. ಸ್ಕಾಲರ್‌ಶಿಪ್ ಮೊತ್ತವನ್ನು ಮೊದಲ ವರ್ಷದ ಫೀಗೆ ಲೆಕ್ಕ ಹಿಡಿಯಬಾರದು, ಎರಡನೇ ವರ್ಷದ ಫೀಗೆ ಹಿಡಿಯಬೇಕು ಎಂದು ಈ ಅಂಕಣಕಾರ ಭಾವನಿಗೆ ಹೇಳಿದ್ದು ಅದಕ್ಕೇ. ಮೊದಲ ವರ್ಷಕ್ಕೆ ಅಂಗಡಿಯ ಹಳೆ ಉದ್ರಿ ವಸೂಲಿ, ಒಂದು ಆರ್‌ಡಿ, ಉಳಿದದ್ದಕ್ಕೆ ಬ್ಯಾಂಕಿನ ಶಿಕ್ಷಣ ಸಾಲ. ಓದುವಾಗ ಮತ್ತು ಮುಗಿದ ಒಂದು ವರ್ಷದವರೆಗೆ ಆ ಸಾಲಕ್ಕೆ ಸರಳ ಬಡ್ಡಿ. ಕೈಸಾಲಕ್ಕಿಂತ, ಒಡವೆ ಸಾಲಕ್ಕಿಂತ ಅದು ಎಷ್ಟೋ ಮೇಲು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಉನ್ನತ ಸಂಸ್ಥೆಗಳಿಗೆ ಸೇರಿದವರಿಗೆ ಜಾಮೀನು, ಅಡಮಾನ ಎರಡೂ ಇಲ್ಲದೆ ಸಾಲ ಸಿಗುತ್ತದೆ. ಆದಾಯ ಎಂಟು ಲಕ್ಷದೊಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ 3ರಷ್ಟು ರಿಯಾಯಿತಿ. ಸೀಟು ಬರುವ ಮೊದಲೇ ಶಾಖೆಗೆ ಹೋಗಿ ಕಾಗದಪತ್ರ ವಿಚಾರಿಸಿಟ್ಟವರಿಗೆ ಗಡುವಿನ ದಿನ ಓಡಾಟ ತಪ್ಪುತ್ತದೆ.

ಬಹಳ ಮನೆಗಳು ಕೇಳಿಯೇ ಇರದ ದಾರಿಗಳೂ ಇವೆ. ಕಾಲೇಜಿನ ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ 5ರಷ್ಟು ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಸೀಟುಗಳಿರುತ್ತವೆ. ಆದಾಯ ಮಿತಿಯೊಳಗಿದ್ದು ಅದು ಸಿಕ್ಕವರಿಗೆ ಬೋಧನಾ ಶುಲ್ಕವೇ ಇಲ್ಲ. ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ ಯೋಜನೆ ವರ್ಷಕ್ಕೆ 50,000 ಕೊಡುತ್ತದೆ, ಆದಾಯ ಮಿತಿ ಎಂಟು ಲಕ್ಷ, ಒಂದು ಮನೆಗೆ ಇಬ್ಬರವರೆಗೆ. ಇನ್ಫೊಸಿಸ್ ಫೌಂಡೇಷನ್ 2023ರಲ್ಲಿ ಆರಂಭಿಸಿದ ಸ್ಟೆಮ್ ಸ್ಟಾರ್ಸ್ ವರ್ಷಕ್ಕೆ ಒಂದು ಲಕ್ಷದವರೆಗೂ ಭರಿಸುತ್ತದೆ, ಅದೂ ಹುಡುಗಿಯರಿಗೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ರಾಜ್ಯದ ವಿದ್ಯಾಸಿರಿ ಹತ್ತು ತಿಂಗಳು ನೆರವು ಕೊಡುತ್ತದೆ. ಆದರೆ ಎಲ್ಲವನ್ನೂ ಒಟ್ಟಿಗೆ ಪಡೆಯಲಾಗದು. ಸೆಂಟ್ರಲ್ ಸೆಕ್ಟರ್ ಪಡೆಯುವವರು ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. 12,000ಕ್ಕೆ ಮೊದಲು ಅರ್ಜಿ ಹಾಕಿ 50,000 ಕಳೆದುಕೊಳ್ಳುವುದು ಬೇಡ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಈ ಕಾಯುವಿಕೆಗೆ ಬೇರೆ ರೂಪವಿದೆ. ಅಲ್ಲಿ ಪ್ರವೇಶದ ಪತ್ರದ ಜೊತೆಗೋ ಅದರ ಬೆನ್ನಿಗೋ ಸಹಾಯಧನದ ಪತ್ರ ಬರುತ್ತದೆ. ಎರಡನ್ನೂ ಮುಂದಿಟ್ಟುಕೊಂಡು ಮೇ 1ರೊಳಗೆ ಕಾಲೇಜು ಆರಿಸುವುದು ರೂಢಿ. ಬೆಲೆ ಮೊದಲು, ತೀರ್ಮಾನ ಆಮೇಲೆ. 2023ರ ಅಕ್ಟೋಬರ್‌ನಲ್ಲಿ ತೆರೆಯಬೇಕಿದ್ದ ಅಲ್ಲಿನ ಕೇಂದ್ರ ನೆರವಿನ ಅರ್ಜಿ ಆ ವರ್ಷದ ಕೊನೆಗೆ ತೆರೆಯಿತು, ದೋಷಗಳಿಂದ ಮತ್ತಷ್ಟು ತಡವಾಯಿತು. ಸಹಾಯದ ಮೊತ್ತ ತಿಳಿಯದೆ ಮಕ್ಕಳು ತೀರ್ಮಾನಿಸಲಾರರು ಎಂದು ಎಷ್ಟೋ ಕಾಲೇಜುಗಳು 2024ರಲ್ಲಿ ಮೇ 1ರ ಗಡುವನ್ನೇ ಮುಂದೂಡಿದವು. ಹಣದ ಮಾಹಿತಿ ತಡವಾದರೆ ತೀರ್ಮಾನದ ಗಡುವೂ ಮುಂದೆ ಹೋಗಬೇಕು ಎಂಬ ಆ ನ್ಯಾಯ ನಮ್ಮಲ್ಲಿಲ್ಲ.

ಭಯದಲ್ಲಿ ಆಗಲೇ ಹಣ ಕಟ್ಟಿದವರಿಗೂ ದಾರಿ ಮುಚ್ಚಿಲ್ಲ. 2024-25ಕ್ಕೆ ಯುಜಿಸಿ ಹೊರಡಿಸಿದ ಸೂಚನೆಯಂತೆ ಸೆಪ್ಟೆಂಬರ್ 30ರೊಳಗೆ ಪ್ರವೇಶ ರದ್ದು ಮಾಡಿದರೆ ಪೂರ್ತಿ ಶುಲ್ಕ ವಾಪಸು, ಅಕ್ಟೋಬರ್ 31ರೊಳಗಾದರೆ 1,000 ರೂಪಾಯಿಗಿಂತ ಹೆಚ್ಚು ಹಿಡಿಯುವಂತಿರಲಿಲ್ಲ. ಮೂಲ ಅಂಕಪಟ್ಟಿ ಇಟ್ಟುಕೊಂಡು ವಿದ್ಯಾರ್ಥಿಯನ್ನು ಕಟ್ಟಿಹಾಕುವುದಕ್ಕೂ ಅವಕಾಶವಿಲ್ಲ. ಈ ಹಕ್ಕು ಕೆಲಸಕ್ಕೆ ಬರುವುದು ಕೈಯಲ್ಲಿ ರಸೀದಿ ಇದ್ದವರಿಗೆ. ನಗದು ಕೊಟ್ಟು ಚೀಟಿ ಪಡೆದವರು ಏನನ್ನೂ ಸಾಬೀತು ಮಾಡಲಾರರು. ಖಾತೆಯಿಂದ ಖಾತೆಗೇ ಕಟ್ಟಬೇಕು.

ರಾಜ್ಯ ಸರ್ಕಾರಕ್ಕೆ ಒಂದು ಬೇಡಿಕೆಯಿದೆ. ಅಂಕ, ಆದಾಯ, ಜಾತಿ, ಆಧಾರ್ ಎಲ್ಲವೂ ಸಿಇಟಿ ರ‍್ಯಾಂಕ್ ಬರುವ ಹೊತ್ತಿಗೇ ಸರ್ಕಾರದ ಕಂಪ್ಯೂಟರಿನಲ್ಲಿರುತ್ತವೆ. ಅರ್ಹರಾದವರಿಗೆ ಯಾವ ವಿದ್ಯಾರ್ಥಿವೇತನ, ಎಷ್ಟು ಎಂಬ ತಾತ್ಕಾಲಿಕ ಪತ್ರವನ್ನು ಆಪ್ಷನ್ ಎಂಟ್ರಿಗೆ ಮೊದಲೇ ಕೊಡಿ. ಆ ಮೊತ್ತ ಬರುವವರೆಗೆ ಅಷ್ಟು ಫೀಯನ್ನು ಕಾಲೇಜು ಕೇಳದಂತೆ ಆದೇಶಿಸಿ.

ಅದಾಗುವವರೆಗೆ ಪೋಷಕರು ಮಾಡಬಹುದಾದ ಒಂದು ಕೆಲಸವಿದೆ, ಅದಕ್ಕೆ ಕಾಸು ಖರ್ಚಿಲ್ಲ. ವಿದ್ಯಾರ್ಥಿವೇತನದ ಹಣ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗೆ ಎಂದು ಬಹಳ ಜನ ನಂಬಿದ್ದಾರೆ. ಆಧಾರ್ ಆಧಾರಿತ ಪಾವತಿಯಲ್ಲಿ ಅದು ಹೋಗುವುದು ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಶಾಲೆಯಲ್ಲಿದ್ದಾಗ ಸಿಂಡಿಕೇಟ್ ಬ್ಯಾಂಕಿನಲ್ಲೋ ವಿಜಯಾ ಬ್ಯಾಂಕಿನಲ್ಲೋ ತೆರೆದ ಎಷ್ಟೋ ಮಕ್ಕಳ ಖಾತೆಗಳು ಬ್ಯಾಂಕ್ ವಿಲೀನದ ನಂತರ ನಿಷ್ಕ್ರಿಯವಾಗಿ ಬಿದ್ದಿವೆ. ಮಗುವನ್ನು ಕರೆದುಕೊಂಡು ಈ ವಾರವೇ ಬ್ಯಾಂಕಿಗೆ ಹೋಗಿ ಖಾತೆ ಚಾಲ್ತಿಯಲ್ಲಿದೆಯೇ, ಅದಕ್ಕೆ ಆಧಾರ್ ಜೋಡಣೆ, ಅಂದರೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ ಎಂದು ಕೇಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರಿಗೂ ಆಧಾರ್‌ನ ಹೆಸರಿಗೂ ಒಂದಕ್ಷರದ ವ್ಯತ್ಯಾಸವಿದ್ದರೂ ಈಗಲೇ ತಿದ್ದಿಸಿ.